ಹಳೇ ಪವರ್ ಹೌಸನ್ನು ಜಾಸ್ತಿ ತೊಳೆಯಬೇಡಿ

ಹಳೇ ಪವರ್ ಹೌಸ್, ಪಂಪ್ ಹೌಸ್, ಗ್ಯಾಸ್ ಟ್ಯಾಂಕ್. ಕೆಲಸ ನಿಂತುಹೋದ ಇಂಥ ಕಟ್ಟಡವನ್ನು ಕಲಾಕೇಂದ್ರ ಮಾಡುತ್ತಾರೆ ಅಂದ ಕೂಡಲೇ ಎಲ್ಲರಿಗೂ ಖುಷಿ. ನನಗೂ ಖುಷಿಯೇ. ಆದರೆ ಆಮೇಲೆ ಹೊರಬರುವ ನಕ್ಷೆ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಗಾಜಿನ ಲಿಫ್ಟು, ಹೊಳೆಯುವ ನೆಲ, ದುಬಾರಿ ಕೆಫೆ. ಅಷ್ಟು ಸುರಿದ ಮೇಲೆ ದುಡ್ಡು ವಾಪಸ್ ಬರಬೇಕಲ್ವಾ? ಬಾಡಿಗೆ ಏರುತ್ತದೆ. ಶನಿವಾರ ಭಾನುವಾರ ಕಂಪನಿಗಳ ಪಾರ್ಟಿಗೆ ಹೋಗುತ್ತದೆ. ಪಕ್ಕದ ಬೀದಿಯ ನಾಟಕ ತಂಡ ಗೇಟಿನಾಚೆ.

ನನ್ನ ವಾದ ಇಷ್ಟೇ. ಇಂಥ ಕಟ್ಟಡವನ್ನು ಕಡಿಮೆ ಮುಟ್ಟಿದಷ್ಟೂ ಸುತ್ತಲಿನವರಿಗೆ ಜಾಸ್ತಿ ದಕ್ಕುತ್ತದೆ.

ಹೇಗೂ ಕಟ್ಟಿದವರೇ ಅರ್ಧ ಕೆಲಸ ಮಾಡಿಟ್ಟಿದ್ದಾರೆ. ಟರ್ಬೈನ್, ಅಂದರೆ ಕರೆಂಟು ಹುಟ್ಟಿಸಲು ತಿರುಗುವ ದೈತ್ಯ ಯಂತ್ರ ಕೂರಿಸಲು, ಬಿಚ್ಚಿ ರಿಪೇರಿ ಮಾಡಲು ನಡುವೆ ಕಂಬ ಇಲ್ಲದ ಜಾಗ ಬೇಕಿತ್ತು. ಭಾರ ಎತ್ತಲು ಮೇಲೆ ದಪ್ಪ ತೊಲೆಗಳ ಮೇಲೆ ಕ್ರೇನ್ ಓಡುತ್ತಿತ್ತು. ಎಂಜಿನಿಯರ್ ಒಮ್ಮೆ ನೋಡಿ ಸರಿ ಅಂದರೆ ಆ ತೊಲೆಗಳಿಗೇ ಸ್ಟೇಜ್ ಲೈಟು ನೇತು ಹಾಕಬಹುದು. ಟನ್‌ಗಟ್ಟಲೆ ಯಂತ್ರ ಹೊತ್ತ ನೆಲಕ್ಕೆ ನಾಲ್ಕು ಜನರ ಕುಣಿತ ಯಾವ ಲೆಕ್ಕ!

ಆಸ್ಟ್ರೇಲಿಯಾದ ಬ್ರಿಸ್ಬೇನ್ ಪವರ್‌ಹೌಸ್ ನೋಡಿ. 1928ರಲ್ಲಿ ಟ್ರಾಮ್‌ಗಳಿಗೆ ಕರೆಂಟು ಕೊಡಲು ಶುರುವಾಯಿತು, 1971ರಲ್ಲಿ ನಿಂತಿತು. ಆಮೇಲೆ ವರ್ಷಗಟ್ಟಲೆ ಪಾಳು. ಹುಡುಗರು ಗೋಡೆ ತುಂಬಾ ಗ್ರಾಫಿಟಿ ಬರೆದರು. 2000ದಲ್ಲಿ ಕಲಾಕೇಂದ್ರವಾಗಿ ತೆರೆದಾಗ ಆ ಗ್ರಾಫಿಟಿಯನ್ನು ಅಳಿಸಲಿಲ್ಲ. ಅದು ನನಗೆ ತುಂಬಾ ಹಿಡಿಸಿತು. ಪಾಳು ಬಿದ್ದ ವರ್ಷಗಳೂ ಆ ಕಟ್ಟಡದ ಆಯುಸ್ಸಿನಲ್ಲಿ ಸೇರಿದವೇ ತಾನೇ?

ರೋಮ್‌ನ ಸೆಂಟ್ರಾಲೆ ಮೊಂಟೆಮಾರ್ಟಿನಿ ಇನ್ನೂ ಚೆಂದ. 1912ರ ವಿದ್ಯುತ್ ಸ್ಥಾವರ. 1997ರಲ್ಲಿ ಅಲ್ಲಿನ ಕ್ಯಾಪಿಟೋಲಿನ್ ಮ್ಯೂಸಿಯಂನಲ್ಲಿ ದುರಸ್ತಿ ನಡೆದಿತ್ತು ಅಂತ ಪ್ರಾಚೀನ ಶಿಲ್ಪಗಳನ್ನು ಸ್ವಲ್ಪ ದಿನಕ್ಕೆಂದು ಇಲ್ಲಿ ತಂದಿಟ್ಟರು. ಕರೀ ಡೀಸೆಲ್ ಎಂಜಿನ್ ಮುಂದೆ ಬಿಳೀ ಅಮೃತಶಿಲೆಯ ದೇವತೆ! ನೋಡಿದವರು ಮನಸೋತರು, ಪ್ರದರ್ಶನ ಅಲ್ಲೇ ಉಳಿದುಬಿಟ್ಟಿತು. ಎಂಜಿನ್ ಗುಜರಿಗೆ ಹಾಕಿದ್ದರೆ ಈ ಜೋಡಿ ಎಲ್ಲಿರುತ್ತಿತ್ತು?

ಆದರೆ ಎಲ್ಲರೂ ತೋರಿಸುವುದು ಹಳೇ ಪವರ್ ಹೌಸಿನಲ್ಲೇ ಇರುವ ಲಂಡನ್ನಿನ ಟೇಟ್ ಮಾಡರ್ನ್ ಅನ್ನು. ಅದರ ಟರ್ಬೈನ್ ಹಾಲ್ 152 ಮೀಟರ್ ಉದ್ದ, 35 ಮೀಟರ್ ಎತ್ತರ. ಭವ್ಯವೇ, ಇಲ್ಲ ಅನ್ನಲ್ಲ. ಆದರೆ ಅದು ದೊಡ್ಡ ರಾಷ್ಟ್ರೀಯ ಮ್ಯೂಸಿಯಂ. ಅಲ್ಲಿನ ಟರ್ಬೈನ್‌ಗಳೂ ಹೋದವು. ಸಣ್ಣ ಪಂಪ್ ಹೌಸಿಗೆ ಆ ವೇಷ ಹಾಕಿದರೆ ಸಾಲವೇ ಉಳಿಯುವುದು.

ಹಾಗಂತ ಖರ್ಚೇ ಬೇಡ ಅಂತಲ್ಲ. ಹಳೇ ಪೈಪುಗಳ ಮೇಲಿನ ಆಸ್‌ಬೆಸ್ಟಾಸ್, ಅಂದರೆ ಶ್ವಾಸಕೋಶಕ್ಕೆ ಅಪಾಯದ ನಾರಿನ ಹೊದಿಕೆ, ತೆಗೆಸಲೇಬೇಕು. ಎಣ್ಣೆ ಇಂಗಿದ ಮಣ್ಣು ತೆಗೆಸುವುದು, ಬೆಂಕಿ ಬಿದ್ದರೆ ಓಡಲು ದಾರಿ, ವೀಲ್‌ಚೇರಿಗೆ ರ‍್ಯಾಂಪ್, ಶೌಚಾಲಯ, ಇವುಗಳಲ್ಲಿ ಜುಗ್ಗತನ ಬೇಡ. ಇನ್ನೊಂದು, ಸದ್ದು. ಇಟ್ಟಿಗೆ, ಕಾಂಕ್ರೀಟಿನ ಎತ್ತರದ ಹಾಲಿನಲ್ಲಿ ಮಾತು ಗೋಡೆಯಿಂದ ಗೋಡೆಗೆ ಬಡಿದು ಕಲಸಿಹೋಗುತ್ತದೆ. ಗಾಯನಕ್ಕೆ ಒಂದಿಷ್ಟು ಗುಂಯ್‌ಗುಟ್ಟಿದರೆ ಸೊಗಸು, ನಾಟಕ ಮಾತ್ರ ಕೆಟ್ಟಿತು. ದಪ್ಪ ಪರದೆ, ಸದ್ದು ಹೀರುವ ಹಲಗೆ ಹಾಕಿ. ಬೇಡವಾದಾಗ ಸರಿಸುವಂತಿರಲಿ. ಇದನ್ನು ಕೊನೆಗೆ ನೋಡೋಣ ಅಂತ ಬಿಟ್ಟವರೇ ಜಾಸ್ತಿ.

ನೀವು ಇಂಥ ಯಾವುದಾದರೂ ಸಮಿತಿಯಲ್ಲಿದ್ದರೆ ಮೊದಲ ಮೀಟಿಂಗಿನಲ್ಲೇ ಬಾಡಿಗೆ ಪಟ್ಟಿ ಕೇಳಿ. ವಾರದ ದಿನಗಳಲ್ಲಿ ಸಂಜೆ ರಿಹರ್ಸಲ್‌ಗೆ ಎಷ್ಟು, ಯಾರಿಗೆ ಮೊದಲ ಅವಕಾಶ ಅಂತ ಬರೆಸಿಕೊಳ್ಳಿ. ಗ್ರಾನೈಟ್ ಬಣ್ಣದ ಚರ್ಚೆ ಆಮೇಲೆ ಮಾಡಿಕೊಳ್ಳಲಿ.