ಪೋರ್ಟ್ 21ರ ಮೋಹ ಇನ್ನೂ ಬಿಡಲಿಲ್ಲವೇ?

ಈಗಷ್ಟೇ ಇನ್ನೊಂದು 'ಸುಲಭ ಪಾಠ'ದ ವಿಡಿಯೋ ನೋಡಿ ತಲೆ ಕೆಟ್ಟಿತು. ವೆಬ್‌ಸೈಟಿಗೆ ಫೈಲ್ ಏರಿಸಲು ಹೋಸ್ಟ್, ಪಾಸ್‌ವರ್ಡ್, ಪೋರ್ಟ್ 21 (ಫೈಲ್ ಸಾಗಿಸುವ ಹಳೇ ವಿಧಾನ ಎಫ್‌ಟಿಪಿಯ ಬಾಗಿಲು) ಹಾಕಿ, ಎನ್‌ಕ್ರಿಪ್ಶನ್ ಜಾಗದಲ್ಲಿ ಯಾವ ಎನ್‌ಕ್ರಿಪ್ಶನ್ನೂ ಇಲ್ಲದ ಪ್ಲೇನ್ ಎಫ್‌ಟಿಪಿ ಆರಿಸಿ ಅಂತೆ. ಆ ಆಯ್ಕೆಯ ಪಕ್ಕದಲ್ಲೇ ಫೈಲ್ ಏರಿಸುವ ತಂತ್ರಾಂಶ ಫೈಲ್‌ಜಿಲ್ಲಾ 'ಅಸುರಕ್ಷಿತ' ಅಂತ ಬರೆದಿದೆ, ಸ್ವಾಮಿ!

ಎಫ್‌ಟಿಪಿಯ ಮೊದಲ ರೂಪ 1971ರದ್ದು, ಈಗ ಬಳಕೆಯಲ್ಲಿರುವ ಅದರ ನಿಯಮಪತ್ರ ಆರ್‌ಎಫ್‌ಸಿ 959 ಬಂದದ್ದು 1985ರಲ್ಲಿ. ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಬರೀ ಅಕ್ಷರಗಳಾಗಿ ತಂತಿ ಮೇಲೆ ಹೋಗುತ್ತವೆ. ದಾರಿಯಲ್ಲಿ ಕೂತು ನೆಟ್‌ವರ್ಕ್ ಸಂಚಾರ ತೋರಿಸುವ ವೈರ್‌ಶಾರ್ಕ್ ತೆರೆದವನಿಗೆ ಓದೋದೊಂದೇ ಕೆಲಸ. 'ಸೈಟಿಗೆ ಎಚ್‌ಟಿಟಿಪಿಎಸ್ ಇದೆಯಲ್ಲ' ಅನ್ನಬೇಡಿ. ಆ ಬೀಗ ಓದುಗರ ಬ್ರೌಸರಿಗೆ, ನಿಮ್ಮ ಪೋರ್ಟ್ 21ಕ್ಕಲ್ಲ.

ಜನ ಪ್ಲೇನ್‌ಗೆ ಜಾರೋದು ಯಾಕೆ ಅಂತಲೂ ಗೊತ್ತು. ಎಫ್‌ಟಿಪಿಎಸ್ (ಎನ್‌ಕ್ರಿಪ್ಟ್ ಮಾಡಿದ ಎಫ್‌ಟಿಪಿ) ಹಾಕಿದರೆ ಲಾಗಿನ್ ಆಗುತ್ತೆ, ಫೋಲ್ಡರ್ ಪಟ್ಟಿ ಮಾತ್ರ ಬರಲ್ಲ. ಪಟ್ಟಿ, ಫೈಲ್ ಎಲ್ಲಕ್ಕೂ ಬೇರೆಯೇ ಡೇಟಾ ಕನೆಕ್ಷನ್ ಬೇಕು. ಪ್ಯಾಸಿವ್ ಮೋಡ್‌ನಲ್ಲಿ (ಆ ಕನೆಕ್ಷನ್ನನ್ನೂ ನಿಮ್ಮ ಕಡೆಯಿಂದಲೇ ತೆರೆಯುವ ಬಗೆ) ಸರ್ವರ್ ಹೇಳುವ ಪೋರ್ಟ್ ನಂಬರನ್ನು ಫೈರ್‌ವಾಲ್ ಇಣುಕಿ ನೋಡಿ ಬಾಗಿಲು ತೆಗೆಯುತ್ತಿತ್ತು. ಎನ್‌ಕ್ರಿಪ್ಟ್ ಆದ ಮೇಲೆ ಅದಕ್ಕೇನೂ ಕಾಣಲ್ಲ. ಹಾಗಾಗಿ ಸರ್ವರ್‌ನಲ್ಲಿ ಪ್ಯಾಸಿವ್ ಪೋರ್ಟ್‌ಗಳ ವ್ಯಾಪ್ತಿ ಗೊತ್ತುಮಾಡಿ, ಅಷ್ಟನ್ನೇ ಫೈರ್‌ವಾಲ್‌ನಲ್ಲೂ ತೆರೆಯಿರಿ. ಇಷ್ಟೆಲ್ಲ ತಲೆನೋವು ಬೇಡವೆಂದರೆ ಎಸ್‌ಎಫ್‌ಟಿಪಿ ಇದೆ: ಎಸ್‌ಎಸ್‌ಎಚ್ ಎಂಬ ಎನ್‌ಕ್ರಿಪ್ಟ್ ಆದ ಸಂಪರ್ಕದ ಮೇಲೆ, ಪೋರ್ಟ್ 22 ಒಂದರಲ್ಲೇ ಎಲ್ಲ. ಮೊದಲ ಸಲ ತೋರಿಸುವ ಫಿಂಗರ್‌ಪ್ರಿಂಟನ್ನು (ಸರ್ವರಿನ ಗುರುತು) ಹೋಸ್ಟಿಂಗ್‌ನವರು ಕೊಟ್ಟದ್ದರ ಜೊತೆ ಹೋಲಿಸಿ ಓಕೆ ಒತ್ತಿ. ಕಣ್ಮುಚ್ಚಿ ಒತ್ತಿದರೆ ಅದು ಇದ್ದೂ ಇಲ್ಲದಂತೆ.

'ನಮ್ಮದು ಪುಟ್ಟ ಸೈಟು, ಯಾರು ನೋಡ್ತಾರೆ?' ಯಾರೂ ನೋಡಲ್ಲ, ನಿಜ. ಕದ್ದ ಪಾಸ್‌ವರ್ಡ್ ಹಿಡಿದು ಸ್ಪ್ಯಾಮ್ ಪುಟ ತುರುಕುವ ಬಾಟ್‌ಗೆ ಸೈಟಿನ ಗಾತ್ರ ಕಟ್ಟಿಕೊಂಡು ಏನಾಗಬೇಕು?

ಅದೇ ವಿಡಿಯೋ ಗುರುಗಳ ಇನ್ನೊಂದು ಮುತ್ತು: ಅಪ್‌ಲೋಡ್ ಆಗದಿದ್ದರೆ 777 ಅನುಮತಿ (ಸರ್ವರ್‌ನ ಯಾವ ಯೂಸರ್ ಬೇಕಾದರೂ ಬರೆಯಬಹುದು) ಕೊಡಿ. ಅಯ್ಯೋ! ಫೋಲ್ಡರಿಗೆ 755, ಫೈಲಿಗೆ 644, ಡೇಟಾಬೇಸ್ ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲಿಗೆ 640 ಅಥವಾ 600. ಅಷ್ಟಾದರೂ ಆಗದಿದ್ದರೆ ಫೈಲಿನ ಮಾಲೀಕ ಯಾವ ಯೂಸರ್ ಅಂತ ನೋಡಿ, ಬಹುಪಾಲು ಎಡವಟ್ಟು ಅಲ್ಲೇ. ಹಾಗೇ, ನಡೆಯುತ್ತಿರುವ ಸೈಟಿನ ಫೈಲಿನ ಮೇಲೇ ನೇರ ಬರೆಯಬೇಡಿ. ನಡುವೆ ಕನೆಕ್ಷನ್ ಕಡಿದರೆ ಅರ್ಧ ಫೈಲ್ ಉಳಿದು ಪುಟ ಮುರಿಯುತ್ತೆ. ಬೇರೆ ಹೆಸರಲ್ಲಿ ಏರಿಸಿ, ಪೂರ್ತಿಯಾದ ಮೇಲೆ ಹೆಸರು ಬದಲಿಸಿ.

ಮತ್ತೆ ಪೋರ್ಟ್ 21ಕ್ಕೇ ಬರ್ತೀನಿ, ಬಿಡೋ ಪೈಕಿ ಅಲ್ಲ ನಾನು. ಎಸ್‌ಎಫ್‌ಟಿಪಿಗೆ ಬಂದ ದಿನವೇ ಪಾಸ್‌ವರ್ಡ್ ಬದಲಿಸಿ, ಹಳೆಯದು ಎಷ್ಟು ಸಲ ಬಯಲಲ್ಲಿ ಓಡಾಡಿದೆಯೋ. ಫೈಲ್‌ಜಿಲ್ಲಾದಲ್ಲಿ ಮಾಸ್ಟರ್ ಪಾಸ್‌ವರ್ಡ್ ಇಡಿ, ಇಲ್ಲದಿದ್ದರೆ ಉಳಿಸಿದ ಪಾಸ್‌ವರ್ಡೆಲ್ಲ ಯಾರು ಬೇಕಾದರೂ ಬಿಡಿಸಬಹುದಾದ ಬರೀ ಬೇಸ್64 ಬರಹದಲ್ಲಿ ಬಿದ್ದಿರುತ್ತೆ. ಕೊನೆಗೆ ಸರ್ವರ್‌ನಲ್ಲೇ ಪ್ಲೇನ್ ಲಾಗಿನ್ ನಿಲ್ಲಿಸಿ.