ಸತ್ಯಾಂಶ: ಲೇಸರ್ ಪಾಯಿಂಟರ್ ಮಂಡಿನೋವಿಗೆ ಮದ್ದಾ?

ಅಗ್ಗದ ಲೇಸರ್ ಪಾಯಿಂಟರ್ ಇದ್ದರೆ ಸಾಕು, ಮಂಡಿನೋವಿಗೆ ಆಸ್ಪತ್ರೆಯ ಲೇಸರ್ ಚಿಕಿತ್ಸೆ ಮನೆಯಲ್ಲೇ ಆಗುತ್ತದೆ ಎಂಬ ಮೆಸೇಜ್ ಆಗಾಗ ಗ್ರೂಪ್‌ಗಳಲ್ಲಿ ಬರುತ್ತದೆ. ನೋವಿನಲ್ಲಿರುವ ಯಾರಿಗಾದರೂ ಉಪಯೋಗವಾಗಲಿ ಅಂತಲೇ ಜನ ಕಳಿಸುತ್ತಾರೆ. ಆದರೆ ಮಾತು ಸರಿಯಲ್ಲ.

ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆ ನಿಜಕ್ಕೂ ಇದೆ. ಫಿಸಿಯೋಥೆರಪಿಯಲ್ಲಿ ಬಳಸುತ್ತಾರೆ. ಅಲ್ಲಿ ಬೆಳಕಿನ ತರಂಗಾಂತರ (ಬೆಳಕಿನ ಬಣ್ಣ ಯಾವುದೆಂದು ಹೇಳುವ ಅಳತೆ) ಸಾಮಾನ್ಯವಾಗಿ 600ರಿಂದ 1000 ನ್ಯಾನೋಮೀಟರ್. ಚದರ ಸೆಂಟಿಮೀಟರ್ ಚರ್ಮಕ್ಕೆ ಎಷ್ಟು ಜೂಲ್, ಅಂದರೆ ಎಷ್ಟು ಶಕ್ತಿ, ಅಂತ ಲೆಕ್ಕ ಹಾಕಿ ಕೊಡುತ್ತಾರೆ. ಹಸಿರು ಪಾಯಿಂಟರ್‌ನದು 532 ನ್ಯಾನೋಮೀಟರ್, ಆ ಲೆಕ್ಕಕ್ಕೇ ಬರುವುದಿಲ್ಲ. ಕೆಂಪಿನದು ಬಣ್ಣದಲ್ಲಿ ಹೊಂದಿದರೂ ಪ್ರಮಾಣ ಗೊತ್ತಿರುವುದಿಲ್ಲ, ಅಲ್ವಾ?

ನನಗೆ ಜಾಸ್ತಿ ಭಯ ಕಣ್ಣಿನದು. ಅನೇಕ ಹಸಿರು ಪಾಯಿಂಟರ್‌ಗಳ ಒಳಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕೂ ಇರುತ್ತದೆ. ಅಗ್ಗದವುಗಳಲ್ಲಿ ಅದನ್ನು ತಡೆಯುವ ಫಿಲ್ಟರ್ ಇಲ್ಲದಿರಬಹುದು. ಕಾಣದ ಬೆಳಕಿಗೆ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ರೆಟಿನಾ (ಕಣ್ಣಿನ ಹಿಂಭಾಗದ ಒಳಪದರ) ಸುಟ್ಟರೂ ನೋವೇ ಗೊತ್ತಾಗದಿರಬಹುದು.

ಇಂಥ ಮೆಸೇಜ್ ಬಂದರೆ ತರಂಗಾಂತರ, ಮಿಲಿವ್ಯಾಟ್ (ಬೆಳಕು ಎಷ್ಟು ಪ್ರಬಲ ಎಂಬ ಅಳತೆ), ಎಷ್ಟು ಹೊತ್ತು ಎಂಬ ಮೂರೂ ಅದರಲ್ಲಿವೆಯಾ ನೋಡಿ. ಪಾಯಿಂಟರ್‌ನ ಲೇಬಲ್ ಓದಿ. ಆದರೆ ಅದನ್ನೇ ಪೂರ್ತಿ ನಂಬಬೇಡಿ, 5 ಮಿಲಿವ್ಯಾಟ್‌ಗಿಂತ ಕಡಿಮೆ ಅಂತ ಬರೆದದ್ದು ಇನ್ನೂ ಜಾಸ್ತಿ ಬಿಡುವುದುಂಟು. ಹತ್ತಿರದ ಫಿಸಿಯೋಥೆರಪಿಸ್ಟ್‌ಗೆ ಆ ಮೆಸೇಜನ್ನೇ ತೋರಿಸಿ ಕೇಳಿ.