ತಲೆಯಲ್ಲಿ ಶಾಂಪೂ, ನಲ್ಲಿಯಲ್ಲಿ ತಣ್ಣೀರು

ಕ್ಯಾಂಪರ್ ಟ್ರೇಲರ್ ಅಂದರೆ ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆ. ಅದರ ಬಚ್ಚಲು ಒಂದು ಬೀರುವಿನಷ್ಟಿರುತ್ತದೆ. ಕೈ ಎತ್ತಿದರೆ ಗೋಡೆ, ಬಗ್ಗಿದರೆ ಬಾಗಿಲು. ಅಂಥ ಜಾಗದಲ್ಲಿ ತಲೆ ತುಂಬಾ ಶಾಂಪೂ ಹಚ್ಚಿಕೊಂಡು ಬಿಸಿನೀರಿನ ನಲ್ಲಿ ತಿರುಗಿಸಿದೆ. ಬಂದದ್ದು ಕೊರೆಯುವ ತಣ್ಣೀರು. ನಾನು ಹಾಕಿದ ಕೂಗಿಗೆ ಪಕ್ಕದ ಟ್ರೇಲರ್‌ನ ನಾಯಿ ಉತ್ತರ ಕೊಟ್ಟಿತು. ಹೆಂಡತಿ ಕೊಡಲಿಲ್ಲ.

ಟವೆಲ್ ಸುತ್ತಿಕೊಂಡು ಹೊರಗೆ ಬಂದೆ. "ಹೀಟರ್ ಕೆಟ್ಟಿದೆ" ಎಂದೆ. "ಮೊದಲು ತಲೆ ತೊಳ್ಕೊಳ್ಳಿ" ಎಂದಳು. ತಣ್ಣೀರಲ್ಲಿ ತೊಳೆದರೆ ಹೀಟರ್‌ಗೆ ಸೋತ ಹಾಗೆ ಅಲ್ವಾ? "ಐದೇ ನಿಮಿಷ, ಸರಿ ಮಾಡ್ತೀನಿ" ಎಂದೆ.

ನಮ್ಮದು ಗ್ಯಾಸ್ ಹೀಟರ್. ಸ್ವಿಚ್ ಒತ್ತಿದರೆ 12 ವೋಲ್ಟ್ ಬ್ಯಾಟರಿಯಿಂದ ಕರೆಂಟ್ ತಗೊಂಡು ಟಿಕ್ ಟಿಕ್ ಟಿಕ್ ಅಂತ ಕಿಡಿ ಹಾರಿಸುತ್ತದೆ. ಉರಿ ಹತ್ತದಿದ್ದರೆ ಸ್ವಲ್ಪ ಸುಧಾರಿಸಿಕೊಂಡು ಮತ್ತೊಮ್ಮೆ. ಮೂರು ಸಲ ಆದ ಮೇಲೆ ಕೆಂಪು ದೀಪ ಹಚ್ಚಿ ಕೈಚೆಲ್ಲಿ ಕೂರುತ್ತದೆ. ಉರಿಯದ ಗ್ಯಾಸ್ ಒಳಗೆ ತುಂಬಿಕೊಳ್ಳಬಾರದು ಅಂತ ಈ ಏರ್ಪಾಡು. ಯಾವಾಗ ಸೋಲೊಪ್ಪಿಕೊಳ್ಳಬೇಕು ಅಂತ ಯಂತ್ರಕ್ಕೆ ಗೊತ್ತಿದೆ. ನನಗೆ ಗೊತ್ತಿಲ್ಲ. ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆ. ಲೆಕ್ಕ ಹಾಕಿದರೆ ಹನ್ನೆರಡು ಸೋಲು.

ಗ್ಯಾಸೇ ಬರುತ್ತಿಲ್ಲವೇನೋ ಅಂತ ಅಡುಗೆ ಒಲೆ ಹಚ್ಚಿ ನೋಡಿದೆ. ಉರಿ ಹಣತೆಯಷ್ಟು. ಆಗ ನೆನಪಾಯಿತು. ಹಿಂದಿನ ದಿನ ಹೊಸ ಸಿಲಿಂಡರ್ ಹಾಕಿ, ಕಿವಿ ಹಿಂಡಿದ ಹಾಗೆ ಒಂದೇ ಏಟಿಗೆ ವಾಲ್ವ್ ತಿರುಗಿಸಿದ್ದೆ. ಹಾಗೆ ಗ್ಯಾಸ್ ಒಮ್ಮೆಲೇ ನುಗ್ಗಿದರೆ, ಎಲ್ಲೋ ಪೈಪ್ ಒಡೆದಿದೆ ಅಂದುಕೊಂಡು ಅಲ್ಲಿರುವ ಸೇಫ್ಟಿ ವಾಲ್ವ್ ಗ್ಯಾಸನ್ನು ಬಹುಪಾಲು ತಡೆದುಬಿಡುತ್ತದೆ. ಮುಚ್ಚಿ, ಸ್ವಲ್ಪ ಕಾದು, ಈ ಸಲ ಮೆಲ್ಲಗೆ ತೆರೆದೆ. ಒಲೆ ನೀಲಿಯಾಗಿ ಎದ್ದು ನಿಂತಿತು. ಓಡಿ ಹೋಗಿ ಹೀಟರ್ ಸ್ವಿಚ್ ಒತ್ತಿದೆ. ಟಿಕ್ ಟಿಕ್ ಟಿಕ್. ಕೆಂಪು ದೀಪ.

ಇಷ್ಟರಲ್ಲಿ ನೊರೆ ಹಣೆಗೆ ಇಳಿದಿತ್ತು. ಗ್ಯಾಸ್ ಬಂದ್ ಮಾಡಿ, ಹೊರಗೋಡೆಯಲ್ಲಿರುವ ಹೀಟರ್ ಮುಚ್ಚಳ ತೆಗೆದೆ. ಬರ್ನರ್ ಕೊಳವೆಯೊಳಗೆ ಜೇಡವೊಂದು ಬಲೆ ಕಟ್ಟಿಕೊಂಡು ಸಂಸಾರ ಹೂಡಿತ್ತು. ನಮ್ಮ ಸಿಲಿಂಡರ್‌ನಲ್ಲಿರುವ ಗ್ಯಾಸ್ ಪ್ರೊಪೇನ್. ಅದಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಆ ವಾಸನೆಗೆ ಜೇಡಗಳು ಮರುಳಾಗುತ್ತವೆ ಅಂತ ಟ್ರೇಲರ್ ಮಂದಿ ಹೇಳುತ್ತಾರೆ. ನಮಗೆ ಅಪಾಯದ ಗಂಟೆ, ಅದಕ್ಕೆ ಸೆಂಟು. ಸಣ್ಣ ಬ್ರಷ್ ಹಾಕಿ ಬಲೆ ಎಳೆದೆ. ಜೇಡ ನನ್ನ ತಲೆಯನ್ನೊಮ್ಮೆ ನೋಡಿ ಹೋಯಿತು.

ಗ್ಯಾಸ್ ಬಿಟ್ಟು ಸ್ವಿಚ್ ಒತ್ತಿದೆ. ಟಿಕ್ ಟಿಕ್, ಬುಸ್! ಉರಿ ಹತ್ತಿತು. ನಾನು ಟವೆಲ್ ಹಿಡಿದುಕೊಂಡೇ ಕುಣಿದೆ.

ಅರ್ಧ ಗಂಟೆ ಬಿಟ್ಟು ನಲ್ಲಿ ತಿರುಗಿಸಿದರೆ ಉಗುರುಬೆಚ್ಚಗಿನ ನೀರು. ಅದೂ ಉಗುರಿಗೆ ಅನುಮಾನ ಬರುವಷ್ಟು ಬೆಚ್ಚಗೆ. ಹೊರಗೆ ಉರಿ ಚೆನ್ನಾಗಿಯೇ ಇತ್ತು. ಅಂದರೆ ಟ್ಯಾಂಕಿನಲ್ಲಿ ಕಾದ ನೀರಿಗೆ ದಾರಿಯಲ್ಲೆಲ್ಲೋ ತಣ್ಣೀರು ಸೇರುತ್ತಿದೆ. ಎಲ್ಲಿ ಅಂತ ನನಗೆ ತಕ್ಷಣ ಹೊಳೆಯಿತು. ಇಂಥ ಹೊಳಹುಗಳಿಂದಲೇ ನಾನು ಜಾಸ್ತಿ ಕೆಟ್ಟಿರುವುದು.

ಮಂಚದ ಕೆಳಗೆ, ಹೀಟರ್ ಬೆನ್ನಿಗೆ ಮೂರು ವಾಲ್ವ್‌ಗಳಿವೆ. ಚಳಿಗಾಲಕ್ಕೆ ಪೈಪುಗಳಲ್ಲಿ ಆಂಟಿಫ್ರೀಜ್, ಅಂದರೆ ಒಳಗೆ ಹೆಪ್ಪುಗಟ್ಟದಂತೆ ಕಾಯುವ ದ್ರವ, ತುಂಬುವಾಗ ಅದು ಟ್ಯಾಂಕಿಗೆ ಹೋಗದೆ ಪಕ್ಕದಿಂದ ಹಾದುಹೋಗಲಿ ಅಂತ ಈ ಬೈಪಾಸ್. ನಡುವಿನ ವಾಲ್ವ್ ತೆರೆದೇ ಉಳಿದರೆ ತಣ್ಣೀರು ನೇರವಾಗಿ ಬಿಸಿನೀರಿಗೆ ಸೇರುತ್ತದೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ತೆವಳಿದೆ. ಮೂರೂ ಸರಿಯಾಗಿದ್ದವು. ಇಷ್ಟು ದೂರ ತೆವಳಿ ಬಂದು ಸುಮ್ನೆ ವಾಪಸ್ ಹೋಗೋದಾ ಅಂತ ಒಂದನ್ನು ತಿರುಗಿಸಿದೆ. ಆಮೇಲೆ ಇನ್ನೊಂದನ್ನು. ಮೊದಲು ಹೇಗಿದ್ದವು ಅನ್ನುವುದು ಮರೆತೇಹೋಯಿತು. ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಈ ಜ್ಞಾನ ಇಪ್ಪತ್ತು ನಿಮಿಷದ ಮೇಲೆ, ಮಂಚದ ಕಂಬಿಗೆ ತಲೆ ಬಡಿದಾಗ ಬಂತು. ಶಾಂಪೂ ಇದ್ದದ್ದರಿಂದ ಪೆಟ್ಟು ಜಾರಿತು.

"ರೀ, ನಿನ್ನೆ ಸಂಜೆ ಹೊರಗಿನ ಶವರ್‌ನಲ್ಲಿ ಶೂ ತೊಳೆದ್ರಲ್ಲ. ನಲ್ಲಿ ಮುಚ್ಚಿದ್ರಾ?"

"ಮುಚ್ಚದೆ? ಒಂದು ಹನಿಯೂ ಸೋರ್ತಿಲ್ಲ, ನೋಡು ಬೇಕಾದ್ರೆ."

ಅವಳು ಹೋಗಿ ನೋಡಿದಳು. ನಾನು ಶವರ್ ಹಿಡಿಯ ಮೇಲಿನ ಗುಂಡಿ ಒತ್ತಿ ನೀರು ನಿಲ್ಲಿಸಿದ್ದೆ. ಬಿಸಿ, ತಣ್ಣಗೆ, ಎರಡೂ ನಲ್ಲಿ ತೆರೆದೇ ಇದ್ದವು. ಹೊರಗೆ ಬರಲು ದಾರಿ ಇಲ್ಲದ ತಣ್ಣೀರು ಅಲ್ಲಿಂದಲೇ ಬಿಸಿನೀರಿನ ಪೈಪಿಗೆ ನುಗ್ಗಿ ಟ್ರೇಲರ್ ತುಂಬಾ ಓಡಾಡುತ್ತಿತ್ತು. ಅವಳು ಎರಡು ನಲ್ಲಿ ತಿರುಗಿಸಿದಳು. ಮೂರು ಸೆಕೆಂಡಿನ ಕೆಲಸ.

ಒಳಗೆ ಬಿಸಿನೀರು ಹೊಗೆಯಾಡುತ್ತಾ ಬಂತು. "ನಾನು ಬೆಳಗ್ಗಿಂದ ಕಾಯ್ತಿದ್ದೀನಿ" ಅಂತ ಅವಳು ಟವೆಲ್ ತಗೊಂಡು ಬಚ್ಚಲಿಗೆ ಹೋದಳು. ಯಾವ ಮುಖ ಇಟ್ಟುಕೊಂಡು ಬೇಡ ಅನ್ನಲಿ?

ನಾನು ಹೊರಗೆ ಮೆಟ್ಟಿಲ ಮೇಲೆ ಕೂತೆ. ಶಾಂಪೂ ಒಣಗಿ ಕೂದಲು ಹೆಲ್ಮೆಟ್ ಆಗಿತ್ತು. ಟ್ಯಾಂಕಿನಲ್ಲಿ ಹಿಡಿಯುವುದು 23 ಲೀಟರ್. ಒಳಗಿನಿಂದ ಹಾಡು ಕೇಳಿಸುತ್ತಿತ್ತು, ನಿಧಾನಕ್ಕೆ ಎರಡನೇ ಚರಣಕ್ಕೆ ಬಂತು. ಬೆನ್ನ ಹಿಂದೆ ಹೀಟರ್ ಟಿಕ್ ಟಿಕ್ ಅಂತು.